ಎಡಗೆನ್ನೆಯ ಕರಾರು

ಭೀಮೇಶ್ ಸುರಭಿಯ ಸನ್‌ಸ್ಕ್ರೀನನ್ನು ಮೊದಲ ಸಲ ಹಚ್ಚಿದ್ದು ಮುಖಕ್ಕಲ್ಲ, ನಿಪ್ಪಟ್ಟಿಗೆ.

ತಪ್ಪು ಪೂರ್ತಿ ಅವನದೂ ಅಲ್ಲ. ಜೆ.ಪಿ. ನಗರದ ಭಾನುವಾರದ ಸಾವಯವ ಸಂತೆಯಲ್ಲಿ ಅವಳ ಮೇಜಿಗೆ ಅಂಟಿಕೊಂಡೇ ಪಾರ್ವತಮ್ಮನವರ ನಿಪ್ಪಟ್ಟು, ಕೋಡುಬಳೆಯ ಮೇಜು. ರುಚಿ ನೋಡುವವರಿಗೆಂದು ಅವರು ತುಂಡು ಮಾಡಿಟ್ಟ ನಿಪ್ಪಟ್ಟಿನ ತಟ್ಟೆ. ಅದರಿಂದ ಒಂದು ಗೇಣು ದೂರದಲ್ಲಿ, ಹಚ್ಚಿ ನೋಡುವವರಿಗೆಂದು ಸುರಭಿ ಇಟ್ಟಿದ್ದ ಸ್ಟೀಲ್ ಬಟ್ಟಲು. ಬಟ್ಟಲಲ್ಲಿ ಬೆಳ್ಳಗೆ, ನುಣ್ಣಗೆ, ತೆಂಗಿನೆಣ್ಣೆಯ ಘಮದ ಕ್ರೀಮು. ಮೇಲೊಂದು ಪುಟ್ಟ ಮರದ ಚಮಚ. ಹಸಿದವನ ಕಣ್ಣಿಗೆ ಅದು ಬೆಣ್ಣೆಯಲ್ಲದೆ ಬೇರೇನೂ ಆಗಲು ಸಾಧ್ಯವಿರಲಿಲ್ಲ.

"ಅಯ್ಯೋ ಸಾರ್, ಅದು ಸನ್‌ಸ್ಕ್ರೀನು! ಉಗೀರಿ, ಉಗೀರಿ!"

ಕುತ್ತಿಗೆಯಲ್ಲಿ ವಿಷಲ್ ನೇತುಹಾಕಿಕೊಂಡ ಎತ್ತರದ ಗಂಡಸು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ನಿಂತ. ನುಂಗುವಂತಿಲ್ಲ, ಉಗುಳುವಂತಿಲ್ಲ. ಸುತ್ತ ನಾಲ್ಕು ಜನ ಆಂಟಿಯರು ನೋಡುತ್ತಿದ್ದರು. ಕೊನೆಗೆ ಮರ್ಯಾದೆಗೆ ಅಂಜಿ ಗುಟುಕ್ಕನೆ ನುಂಗಿಯೇಬಿಟ್ಟ.

"ಉಪ್ಪು ಸ್ವಲ್ಪ ಕಮ್ಮಿ ಮೇಡಂ," ಅಂದ.

ಸುರಭಿಗೆ ನಗುವುದೋ ಹೆದರುವುದೋ ತಿಳಿಯಲಿಲ್ಲ. ಡಾಕ್ಟರಾಗಿದ್ದ ಸೋದರತ್ತೆಗೆ ಫೋನ್ ಮಾಡಿದಳು. ಅಷ್ಟಕ್ಕೆಲ್ಲ ಏನೂ ಆಗಲ್ಲ, ನೀರು ಕುಡಿಸಿ ಅರ್ಧ ಗಂಟೆ ಕೂರಿಸು ಎಂದರು ಅತ್ತೆ. ಹಾಗೆ ಅವನು ಅವಳ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೊಣಕಾಲು ಮಡಿಸಿ ಕೂತ. ಕೂತವನ ವಿವರಗಳೆಲ್ಲ ಒಂದೊಂದಾಗಿ ಹೊರಬಿದ್ದವು. ಹೆಸರು ಭೀಮೇಶ್. ಮನೆ ಸುದ್ದಗುಂಟೆಪಾಳ್ಯ. ಕತ್ರಿಗುಪ್ಪೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ದಿನಕ್ಕೆ ಆರು ಗಂಟೆ ಬಿಸಿಲಲ್ಲೇ ಬದುಕು.

"ಬೆಳ್ಳಗಾಗೋ ಆಸೆ ಏನಿಲ್ಲ ಮೇಡಂ. ಮೂಗು ಸುಲಿದು ಉರಿಯುತ್ತೆ, ಅದೊಂದು ನಿಂತ್ರೆ ಸಾಕು."

"ಸನ್‌ಸ್ಕ್ರೀನು ಬೆಳ್ಳಗೆ ಮಾಡೋಕಲ್ಲ ಸಾರ್. ಇರೋ ಬಣ್ಣಾನ ಸುಡದಂಗೆ ಕಾಯೋಕೆ."

ಅವನು ತಲೆಯೆತ್ತಿ ಅವಳನ್ನು ನೋಡಿದ. ನೋಡಿ, ನೀರಿನ ಲೋಟವನ್ನು ಖಾಲಿಯಾದ ಮೇಲೂ ಬಾಯಿಗಿಟ್ಟುಕೊಂಡೇ ಇದ್ದ. ಪಾರ್ವತಮ್ಮ ಕೋಡುಬಳೆ ಕಟ್ಟುತ್ತಾ ಮುಸಿಮುಸಿ ನಕ್ಕರು.

ಸುರಭಿ ಐದು ವರ್ಷ ಒಂದು ಸೋಪಿನ ಕಂಪನಿಯ ಲ್ಯಾಬಿನಲ್ಲಿ ದುಡಿದು, ಅದನ್ನು ಬಿಟ್ಟು, ಜಯನಗರದ ಮನೆಯಲ್ಲೇ ಕ್ರೀಮು ಕಡೆಯುತ್ತಿದ್ದವಳು. ಕಂಪನಿ ಬಿಟ್ಟರೂ ಲ್ಯಾಬಿನ ಶಿಸ್ತು ಬಿಟ್ಟಿರಲಿಲ್ಲ. ಹೊಸ ಸನ್‌ಸ್ಕ್ರೀನನ್ನು ಮಾರುವ ಮುಂಚೆ ಅರ್ಧ ಮುಖದ ಪರೀಕ್ಷೆ ಆಗಲೇಬೇಕು: ಎಡಗೆನ್ನೆಗೆ ಅವಳ ಕ್ರೀಮು, ಬಲಗೆನ್ನೆಗೆ ಬರೀ ನೀರು. ಅದೇ ಬಿಸಿಲು, ಅದೇ ಬೆವರು, ಅದೇ ಮನುಷ್ಯ. ಆಗ ಕ್ರೀಮಿನ ಬಂಡವಾಳ ತಾನಾಗಿ ಬಯಲಾಗುತ್ತದೆ. ನಾಲ್ಕು ವಾರ, ಪ್ರತಿ ಶನಿವಾರ ನಾಲ್ಕು ಗಂಟೆಗೆ ಮನೆಗೆ ಬಂದು ಫೋಟೋ ತೆಗೆಸಿಕೊಳ್ಳಬೇಕು. ಹೀಗೆಂದು ಬರೆದ ಕಾಗದಕ್ಕೆ ಹನ್ನೆರಡು ಜನ ಸಹಿ ಹಾಕಿದರು. ಹನ್ನೆರಡನೆಯವನು ಭೀಮೇಶ್.

ಉಳಿದ ಹನ್ನೊಂದು ಜನ ಒಬ್ಬೊಬ್ಬರಾಗಿ ಕೈಕೊಟ್ಟರು. ಕ್ರೀಮು ಹಚ್ಚಿದ ಕಡೆಯಷ್ಟೇ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಒಬ್ಬಾಕೆಯ ಗಂಡ ಬೆಳಗಿನ ಜಾವ ಬಚ್ಚಲ ಬಾಗಿಲಲ್ಲಿ ಅವಳನ್ನು ಕಂಡು ಕಿಟಾರನೆ ಕಿರುಚಿದನಂತೆ. ಇನ್ನೊಬ್ಬಳು ಆಫೀಸಿನ ಮೀಟಿಂಗಿಗೆ ಅರ್ಧ ಮುಖ ತೋರಿಸಲಾರೆ ಎಂದಳು. ಭೀಮೇಶ್ ಮಾತ್ರ ಮೂರು ನೂರು ಹೈಸ್ಕೂಲ್ ಮಕ್ಕಳ ಮುಂದೆ, ಬೂದಿ ಬಳಿದ ಎಡಗೆನ್ನೆ ಹೊತ್ತು, ಎದೆಯುಬ್ಬಿಸಿ ಡ್ರಿಲ್ ಮಾಡಿಸಿದ. ಮಕ್ಕಳು ಅವನಿಗೆ 'ಹಾಫ್ ಟೈಮ್ ಸಾರ್' ಅಂತ ಹೆಸರಿಟ್ಟರು. ಅವನಿಗೇನೂ ಬೇಜಾರಾಗಲಿಲ್ಲ.

ಶನಿವಾರ ನಾಲ್ಕಕ್ಕೆ ಗೇಟಿನ ಸದ್ದು. ಸುರಭಿಯ ತಾಯಿ ಚೂಡಾಮಣಿ ಕಾಫಿ ಕೊಡುವರು. ಆಮೇಲೆ ಕಿಟಕಿಯ ಬೆಳಕಿಗೆ ಅವನನ್ನು ಕೂರಿಸಿ, ಬಣ್ಣದ ಪಟ್ಟಿಯನ್ನು ಕೆನ್ನೆಯ ಪಕ್ಕ ಹಿಡಿದು, ಗದ್ದವನ್ನು ಒಂದೇ ಬೆರಳಲ್ಲಿ ಆ ಕಡೆ ಈ ಕಡೆ ತಿರುಗಿಸುವುದು ಸುರಭಿಯ ಕೆಲಸ.

"ಕಣ್ಣು ಮುಚ್ಚಿ."

"ಕೆನ್ನೆ ಫೋಟೋಗೆ ಕಣ್ಣು ಯಾಕೆ ಮುಚ್ಬೇಕು ಮೇಡಂ?"

"ರೂಲ್ಸು."

ಅಂಥ ರೂಲ್ಸು ಯಾವ ಲ್ಯಾಬಿನಲ್ಲೂ ಇಲ್ಲ. ಅವನು ಕಣ್ಣು ಬಿಟ್ಟಿದ್ದರೆ ಅವಳ ಕೈ ನಡುಗುತ್ತಿತ್ತು, ಫೋಟೋ ಮಸುಕಾಗುತ್ತಿತ್ತು. ಕಣ್ಣು ಮುಚ್ಚಿದರೆ ರೆಪ್ಪೆಗಳು ಕೆನ್ನೆಗೆ ತಾಗುವಷ್ಟು ಉದ್ದ ಎಂಬುದು ಗೊತ್ತಾಗಿ ಆಗಲೂ ನಡುಗುತ್ತಿತ್ತು, ಆದರೆ ಅವನಿಗೆ ಕಾಣುತ್ತಿರಲಿಲ್ಲ.

"ಒಂದು ಕೇಳ್ಲಾ ಮೇಡಂ?" ಕಣ್ಣು ಮುಚ್ಚಿಕೊಂಡೇ ಅವನು. "ನೀವು ಉಸಿರು ಬಿಗಿಹಿಡೀತೀರಲ್ಲ, ಅದೂ ರೂಲ್ಸಾ?"

"ಮಾತಾಡಿದ್ರೆ ಕೆನ್ನೆ ಅಲ್ಲಾಡುತ್ತೆ. ಸುಮ್ನಿರಿ."

ನಾಲ್ಕನೇ ಶನಿವಾರಕ್ಕೆ ಫಲಿತಾಂಶ ಬೆಳಕಿನಷ್ಟು ಸ್ಪಷ್ಟವಾಗಿತ್ತು. ಮೂಗಿನ ಎಡಭಾಗ ಸುಲಿಯುವುದು ನಿಂತಿತ್ತು. ಅವಳು ಇನ್ನು ಥ್ಯಾಂಕ್ಸ್ ಹೇಳಿ, ಒಂದು ಬಾಟಲಿ ಕೈಗಿತ್ತು ಕಳಿಸಿಕೊಡಬೇಕು, ಅಷ್ಟೇ. ಆದರೆ ಬಾಯಿ ತೆರೆದಾಗ ಬಂದ ಮಾತೇ ಬೇರೆ.

"ಡೇಟಾ ಸಾಲ್ತಿಲ್ಲ. ಇನ್ನೆರಡು ವಾರ ಮುಂದುವರಿಸೋಣ್ವಾ?"

"ಆಗ್ಲಿ ಮೇಡಂ," ಅಂದ, ಅವಳ ಮಾತು ಮುಗಿಯುವ ಮುಂಚೆಯೇ.

ಆ ಎರಡು ವಾರ ನಾಲ್ಕಾಯಿತು, ನಾಲ್ಕು ಆರಾಯಿತು. ಬೂದಿಯ ಬಣ್ಣ ಹೋಗಲೆಂದು ಕೋಕೋ ಪುಡಿ, ಕಾವಿಮಣ್ಣು ಸೇರಿಸಿ ಕ್ರೀಮನ್ನು ಅವನ ಚರ್ಮಕ್ಕೆ ಹೊಂದಿಸಿದ್ದೂ ಆಯಿತು. ಹತ್ತನೇ ಶನಿವಾರದ ಹೊತ್ತಿಗೆ ಅವನ ಮುಖ ಒಂದೇ ತಟ್ಟೆಯಲ್ಲಿ ಚಪಾತಿ, ರಾಗಿಮುದ್ದೆ ಎರಡೂ ಬಡಿಸಿದಂತೆ ಆಗಿತ್ತು. ಮೂಗಿನ ನೇರಕ್ಕೆ ಗೆರೆ ಎಳೆದ ಹಾಗಿತ್ತು.

ಅವತ್ತು ಅವನು ಕಾಫಿ ಮುಟ್ಟಲಿಲ್ಲ.

"ಮೇಡಂ, ನಾಳೆ ಅಮ್ಮ ಹುಡುಗಿ ನೋಡೋಕೆ ಕರ್ಕೊಂಡು ಹೋಗ್ತಿದಾರೆ. ಹೊಸಕೆರೆಹಳ್ಳಿಗೆ." ಲೋಟದ ಅಂಚು ಸವರುತ್ತಾ ಕೇಳಿದ. "ಟ್ರಯಲ್ ಮುಗೀತು ಅಂದ್ರೆ ಬಲಗಡೆಗೂ ಹಚ್ಕೊಂಡು, ಗೆರೆ ಮುಚ್ಕೊಂಡು ಹೋಗ್ತೀನಿ. ಮುಗೀತಾ?"

ಸುರಭಿ ಬಣ್ಣದ ಪಟ್ಟಿಯನ್ನು ಹಿಂದುಮುಂದು ತಿರುವಿದಳು. ಮುಗಿಯಿತು ಎಂದರೆ ಇವನು ಅವಳದೇ ಕ್ರೀಮು ಪೂರ್ತಿ ಮುಖಕ್ಕೆ ಬಳಿದುಕೊಂಡು, ಲಕ್ಷಣವಾಗಿ ಹೋಗಿ, ಬೇರೆಯವಳ ಗಂಡನಾಗುತ್ತಾನೆ. ಶನಿವಾರ ನಾಲ್ಕು ಗಂಟೆಗೆ ಗೇಟು ಸುಮ್ಮನಿರುತ್ತದೆ.

"ಇನ್ನೊಂದೇ ವಾರ ಇದೆ," ಅಂದಳು, ಅವನ ಕಣ್ಣು ತಪ್ಪಿಸಿ.

ಅವನು ಲೋಟ ಕೆಳಗಿಟ್ಟ. "ಸರಿ ಮೇಡಂ. ಕರಾರು ಅಂದ್ರೆ ಕರಾರು," ಅಂದು, ಎರಡು ಬಣ್ಣದ ಮುಖ ಹೊತ್ತು ಹೊರಟುಹೋದ.

ಆ ವಾರ ಸುರಭಿ ತಿಂದದ್ದು ಮೈಗೆ ಹತ್ತಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಒಳ್ಳೆಯ ಮನುಷ್ಯನ ಮುಖವನ್ನು ತನ್ನ ಆಸೆಗೆ ಒತ್ತೆಯಿಟ್ಟುಕೊಂಡಿದ್ದಳು. ಕಂಪನಿಯಲ್ಲಿ ಯಾರಾದರೂ ಡೇಟಾ ತಿರುಚಿದರೆ ಕೆಂಡವಾಗುತ್ತಿದ್ದವಳು ಇವಳೇ. ಶನಿವಾರ ಬರಲಿ, ಕಾಫಿಗೆ ಮುಂಚೆಯೇ ನಿಜ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದಳು. ಅವನು ಬೈದರೆ ಬೈಯಲಿ, ಬರುವುದನ್ನೇ ಬಿಟ್ಟರೆ ಬಿಡಲಿ.

ಹನ್ನೊಂದನೇ ಶನಿವಾರ ಮೂರು ಗಂಟೆ. ಕೈ ಸುಮ್ಮನಿರಲಾರದೆ ಬೇವು, ಮುಲ್ತಾನಿ ಮಿಟ್ಟಿಯ ಹೊಸ ಫೇಸ್‌ಪ್ಯಾಕು ಕಲಸಿ ತನ್ನ ಮುಖಕ್ಕೇ ಬಳಿದುಕೊಂಡು ಕೂತಿದ್ದಳು. ತಲೆಗೆ ಹರಳೆಣ್ಣೆ, ಮೈಗೆ ಹಳೇ ನೈಟಿ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡರು. ಐವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಕ್ರೀಮು ಮಾಡೋ ಮನೆ ಇದೇನಾಮ್ಮ?"

"ಹೌದು ಆಂಟಿ, ಬನ್ನಿ," ಅಂದಳು ಸುರಭಿ, ತುಟಿ ಅಲ್ಲಾಡಿಸದೆ. ನಕ್ಕರೆ ಪ್ಯಾಕು ಬಿರಿಯುತ್ತಿತ್ತು.

ಗಿರಾಕಿ ಬಂದರೆ ಚೂಡಾಮಣಿಗೆ ಮಾತಿನ ಹಬ್ಬ. ಕಾಫಿ ತಂದವರೇ ಪಕ್ಕದಲ್ಲೇ ಕೂತರು.

"ಮನೆ ಹೀಗಿದೆ ಅಂತ ಏನೂ ಅಂದ್ಕೋಬೇಡಿ. ಇವಳ ಕೈಲಿ ಒಂದು ಪಾತ್ರೆ ಉಳಿದಿಲ್ಲ. ಇಡ್ಲಿ ಕುಕ್ಕರಲ್ಲಿ ಜೇನುಮೇಣ ಕರಗಿಸ್ತಾಳೆ."

"ಬೆಳಿಗ್ಗೆ ಬೇಗ ಏಳ್ತಾಳಾ?" ಕೇಳಿದರು ಹೆಂಗಸು.

"ಒಂಬತ್ತಕ್ಕೆ ಮುಂಚೆ ಎದ್ದಿದ್ದು ನಾ ಕಾಣೆ."

"ಅಡುಗೆ?"

"ಉಪ್ಪಿಟ್ಟು ಮಾಡಿದ್ರೆ ಗೋಡೆಗೆ ಪೋಸ್ಟರ್ ಅಂಟಿಸ್ಬಹುದು. ಕೋಪ ಬೇರೆ, ಮೂಗಿನ ತುದೀಲೇ."

"ಅಮ್ಮಾ!" ಸುರಭಿ ಹಲ್ಲು ಕಚ್ಚಿದಳು. ಕ್ರೀಮು ಕೊಳ್ಳಲು ಬಂದವರಿಗೆ ಇದೆಲ್ಲ ಯಾಕೆ ಬೇಕೋ ಅವಳಿಗೆ ಅರ್ಥವಾಗಲಿಲ್ಲ.

ಹೆಂಗಸು ಮಾತ್ರ ಒಂದೊಂದಕ್ಕೂ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಅವಳತ್ತ ತಿರುಗಿದರು.

"ಯಾರೋ ಒಬ್ಬ ಅರ್ಧ ಮುಖಕ್ಕೆ ಬಳ್ಕೊಂಡು ಓಡಾಡ್ತಾನಂತಲ್ಲಮ್ಮ. ಆ ಪರೀಕ್ಷೆ ಎಷ್ಟು ದಿನದ್ದು?"

"ನಾಲ್ಕು ವಾರದ್ದು."

"ಈಗೆಷ್ಟಾಯ್ತು?"

"ಹನ್ನೊಂದು."

"ಯಾಕೆ, ಕ್ರೀಮು ಸರಿಯಿಲ್ವಾ?"

"ಕ್ರೀಮು ಚೆನ್ನಾಗೇ ಇದೆ ಆಂಟಿ." ವಾರವಿಡೀ ಒಳಗೊಳಗೇ ಒಪ್ಪಿಸಿ ಒಪ್ಪಿಸಿ ಇಟ್ಟುಕೊಂಡಿದ್ದ ಮಾತು ಗುರುತಿಲ್ಲದವರ ಮುಂದೆ ದಡಬಡನೆ ಹೊರಬಿತ್ತು. "ನಾನೇ ಸರಿಯಿಲ್ಲ. ಮುಗೀತು ಅಂದ್ರೆ ಅವರು ಬರಲ್ಲ. ಅವರು ಬರ್ಲಿ ಅಂತ ಸುಳ್ಳು ಹೇಳ್ದೆ. ಪಾಪ, ಅದೇ ಮುಖದಲ್ಲಿ ಹೆಣ್ಣು ನೋಡೋಕೂ ಹೋದ್ರು. ಇವತ್ತು ಎಲ್ಲಾ ಹೇಳ್ಬಿಡ್ತೀನಿ. ಆಮೇಲೆ ಅವರು ನನ್ನ ಮುಖ ನೋಡಲ್ಲ."

ಕಣ್ಣೀರು ಹಸಿರು ಪ್ಯಾಕಿನಲ್ಲಿ ಎರಡು ಕಾಲುವೆ ತೋಡಿಕೊಂಡು ಇಳಿಯಿತು. ಚೂಡಾಮಣಿಯ ಕೈಯ ಲೋಟ ಅರ್ಧದಲ್ಲೇ ನಿಂತಿತು.

"ನಾನು ಇಂದ್ರಾಣಿ," ಅಂದರು ಹೆಂಗಸು. "ಆ ಅರ್ಧ ಮುಖದವನ ತಾಯಿ."

ಸುರಭಿಗೆ ಎದ್ದು ಓಡುವ ಮನಸ್ಸಾಯಿತು.

"ಹೊಸಕೆರೆಹಳ್ಳಿ ಹುಡುಗಿ ಜಾಣೆ ಕಣಮ್ಮ. ಮುಖ ಯಾಕಿಂಗೆ ಅಂತ ಕೇಳಿದ್ಳು. ಇವನು ನಿನ್ ಸುದ್ದಿ ಶುರು ಮಾಡ್ದ. ಮೇಡಂ ಹಂಗಂದ್ರು, ಮೇಡಂ ಹಿಂಗಂದ್ರು ಅಂತ ಮುಕ್ಕಾಲು ಗಂಟೆ. ಕೊನೇಗೆ ಆ ಹುಡುಗಿ ನಗ್ತಾ ನಂಗಂದ್ಳು, ಆಂಟಿ, ಇವರ ಮನಸ್ಸಲ್ಲಿ ಆಗ್ಲೇ ಯಾರೋ ಕೂತಿದಾರೆ, ನಂಗೆಲ್ಲಿ ಜಾಗ ಅಂತ. ಯಾರಪ್ಪ ಅದು, ಒಂದ್ಸಲ ನೋಡ್ಕೊಂಡು ಬರೋಣ ಅಂತ ಬಂದೆ." ಇಂದ್ರಾಣಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೋಗಮ್ಮ, ಮುಖ ತೊಳ್ಕೊಂಡು ಬಾ. ಇಷ್ಟೊತ್ತು ಬರೀ ಹಸಿರೇ ಕಂಡಿದ್ದು."

ಸುರಭಿ ಬಚ್ಚಲಿಗೆ ಓಡಿದಳು. ನೀರಿನ ಸದ್ದಿನ ನಡುವೆಯೂ ಕಿವಿ ಹಾಲಿನಲ್ಲೇ ಇತ್ತು.

"ನಾವು ಸುದ್ದಗುಂಟೆಪಾಳ್ಯದ ಹಳೇ ಊರಿನೋರು, ಸಾಧಾರಣ ಜನ," ಇಂದ್ರಾಣಿಯ ದನಿ ಈಗ ಸ್ವಲ್ಪ ತಗ್ಗಿತ್ತು. "ನಿಮ್ಮಂಥೋರ ಮನೆಗೆ ನಮ್ಮ ಹುಡುಗ ಸರಿಹೋಗ್ತಾನಾ, ಇಲ್ವಾ, ಮೊದ್ಲೇ ಹೇಳ್ಬಿಡಿ. ಆಮೇಲೆ ಅವನಿಗೆ ನೋವಾಗ್ಬಾರ್ದು."

ಸುರಭಿ ನಲ್ಲಿ ನಿಲ್ಲಿಸಿದಳು.

"ಎರಡೂವರೆ ತಿಂಗಳಿಂದ ನಮ್ಮನೇಲೇ ಕಾಫಿ ಕುಡೀತಿದಾನೆ," ಅಂದರು ಚೂಡಾಮಣಿ. "ಕುಡಿದ ಲೋಟ ತಾನೇ ತೊಳೆದಿಡ್ತಾನೆ. ನನ್ ಮಗಳು ಹುಟ್ಟಿದಾಗಿಂದ ಆ ಕೆಲಸ ಮಾಡಿಲ್ಲ. ಸರಿಹೋಗ್ತಾಳಾ ಅಂತ ನಾನೇ ನಿಮ್ಮನ್ನ ಕೇಳ್ಬೇಕು. ಆಗ್ಲೇ ಏನೇನೋ ಬಡಬಡಿಸ್ದೆ, ಅದನ್ನೆಲ್ಲ ಮರ್ತುಬಿಡಿ."

"ಮರೆಯೋದ್ಯಾಕೆ? ನಿಜ ಹೇಳಿ ಹೆಣ್ಣು ತೋರಿಸ್ದೋರು ನೀವೊಬ್ರೇ," ಅಂದರು ಇಂದ್ರಾಣಿ. ಇಬ್ಬರೂ ನಕ್ಕರು.

ಅವಳು ಮುಖ ಒರೆಸಿಕೊಂಡು ಹಾಲಿಗೆ ಬರುವುದಕ್ಕೂ ಭೀಮೇಶ್ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ತಾಯಿಯನ್ನು ಕಂಡು ಹೊಸ್ತಿಲಲ್ಲೇ ನಿಂತ.

"ಅಮ್ಮಾ, ನೀನೇನಿಲ್ಲಿ?"

"ಹುಡುಗಿ ನೋಡೋಕೆ ಬಂದೆ. ನೀನ್ಯಾಕೆ ಬಂದೆ?"

"ಫೋಟೋಗೆ," ಅಂದ, ಮೆಲ್ಲಗೆ.

ಸುರಭಿ ಎದುರು ಹೋಗಿ ನಿಂತಳು. ಈ ಸಲ ಕಣ್ಣು ಮುಚ್ಚಿ ಎನ್ನಲಿಲ್ಲ.

"ಭೀಮೇಶ್, ಟ್ರಯಲ್ ಮುಗೀತು. ಮುಗಿದು ಏಳು ವಾರ ಆಯ್ತು. ನಾನು ಸುಳ್ಳು ಹೇಳಿದೆ, ತಪ್ಪಾಯ್ತು. ಇನ್ಮೇಲೆ ಫೋಟೋಗೆ ನೀವು ಬರೋದು ಬೇಕಾಗಿಲ್ಲ."

"ನಾಲ್ಕು ವಾರ ಅಂತ ಸಹಿ ಹಾಕಿದ್ದು ನಾನೇ ಅಲ್ವಾ ಮೇಡಂ? ನಂಗೂ ಎಣಿಸೋಕೆ ಬರುತ್ತೆ. ನೀವು ಇನ್ನೆರಡು ವಾರ ಅಂದಾಗಲೆಲ್ಲ ಮನೆಗೆ ಶಿಳ್ಳೆ ಹೊಡ್ಕೊಂಡು ಹೋಗ್ತಿದ್ದೆ." ಅಷ್ಟು ಹೇಳಿದ ಮೇಲೆ ಅವನಿಗೆ ಅವಳ ಕೊನೆಯ ಮಾತು ತಟ್ಟಿತು. "ಅಂದ್ರೆ ಮುಂದಿನ ಶನಿವಾರ ಬರೋದು ಬೇಡ್ವಾ?"

ಹನ್ನೊಂದು ವಾರದಲ್ಲಿ ಮೊದಲ ಸಲ ಅವನ ಮುಖದ ಎರಡೂ ಭಾಗ ಒಂದೇ ಬಣ್ಣಕ್ಕೆ ತಿರುಗಿದವು. ಎರಡೂ ಕಪ್ಪಿಟ್ಟವು.

"ಫೋಟೋ ಇಲ್ದಿದ್ರೆ ಬರಲ್ವಾ ನೀವು?" ಕೇಳಿದಳು ಸುರಭಿ.

"ಕೆಲಸ ಇಲ್ದೆ ಬಂದ್ರೆ ಬಾಗಿಲಲ್ಲಿ ಏನಂತ ಹೇಳ್ಲಿ?"

"ಸುರಭೀನ ನೋಡೋಕೆ ಬಂದೆ ಅನ್ನಿ. ಅದಕ್ಕೆ ಯಾವ ಕರಾರೂ ಬೇಡ. ನೀವು ಬರ್ದೇ ಇದ್ರೆ ನಂಗಾಗಲ್ಲ."

ಇಬ್ಬರು ಅಮ್ಮಂದಿರೂ ಏಕಕಾಲಕ್ಕೆ ಬಾಳೆಹಣ್ಣಿನ ಚೀಲವನ್ನು ಪರೀಕ್ಷಿಸತೊಡಗಿದರು.

ಭೀಮೇಶ್ ಗಿರಕ್ಕನೆ ತಿರುಗಿ ಹೊರಗೆ ಹೋದ. ಚಪ್ಪಲಿಯ ಸದ್ದು, ಆಮೇಲೆ ಗೇಟು ಮುಚ್ಚಿದ ಸದ್ದು. "ಎಲ್ಲೋದ್ನೋ ಇವನು," ಎನ್ನುತ್ತಾ ಇಂದ್ರಾಣಿ ಅರ್ಧ ಎದ್ದರು.

ಮತ್ತೆ ಗೇಟು ಕಿರ್ರೆಂದಿತು. ಕಾಲಿಂಗ್ ಬೆಲ್ ಹೊಡೆಯಿತು. ಬಾಗಿಲು ಹಾರುಹೊಡೆದೇ ಇತ್ತು. ಆದರೂ ಇನ್ನೊಂದು ಸಲ ಹೊಡೆಯಿತು.

"ಯಾರಪ್ಪಾ ಅದು?" ಕೂಗಿದರು ಚೂಡಾಮಣಿ, ನಗು ತಡೆದುಕೊಂಡು.

ಹೊಸ್ತಿಲಾಚೆ ಕೈಕಟ್ಟಿ ನೆಟ್ಟಗೆ ನಿಂತಿದ್ದ ಭೀಮೇಶ್, ಮೂರು ನೂರು ಮಕ್ಕಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಬೀದಿಗೆ ಬೀದಿಯೇ ತಿರುಗಿ ನೋಡುವಂತೆ ಹೇಳಿದ:

"ಸುರಭೀನ ನೋಡೋಕೆ ಬಂದಿದೀನಿ ಆಂಟಿ!"