ಐದು ಅಕ್ಷರದ ಮೆಸೇಜು

"ನೀನಾ...?"

ಬಾಗಿಲಲ್ಲಿ ನಿಂತ ಕೇಬಲ್‌ನವನನ್ನು ನೋಡಿ ಮಂಗಲಾಳ ಬಾಯಿಂದ ಅಷ್ಟೇ ಹೊರಟಿತು. ಹೆಗಲ ಮೇಲೆ ವೈರಿನ ಸುರುಳಿ, ಕೈಯಲ್ಲಿ ಇಕ್ಕಳ. ಯಮನೂರ! ನಾಲ್ಕು ತಿಂಗಳ ಮೇಲೆ!

ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ. ಹುಳುಕು ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ದವಡೆ ಮರಗಟ್ಟುತ್ತದಲ್ಲ, ಅವಳ ಮನಸ್ಸು ಹಾಗಾಗಿತ್ತು.

"ಕೋಣ ತೋ?" ಯಾರವನು ಎಂದು ಮನೆಯ ಅಜ್ಜಿ ಕುರ್ಚಿಯಲ್ಲಿ ತೂಕಡಿಸುತ್ತಲೇ ಕೊಂಕಣಿಯಲ್ಲಿ ಕೇಳಿದಳು.

"ಕೇಬಲ್‌ವಾಲೊ, ಆಯ್."

ಪರ್ವರಿಯ ಈ ಫ್ಲ್ಯಾಟಿನಲ್ಲಿ ಮಂಗಲಾ ಮನೆಗೆಲಸದವಳು. ಮಧ್ಯಾಹ್ನ ಎರಡಕ್ಕೆ, ಅವಳು ಇಸ್ತ್ರಿ ಮಾಡುವ ಹೊತ್ತಿಗೆ, ಟಿವಿಯಲ್ಲಿ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಹೈಸ್ಕೂಲಿನ ಹುಡುಗ ಹುಡುಗಿಯರು ಜಗಳಾಡುತ್ತಾರೆ, ಅಳುತ್ತಾರೆ, ಮಾತು ತೀರಿತೋ ಒಮ್ಮೆಲೇ ಹಾಡುತ್ತಾರೆ! ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮಂಗಲಾಗೆ ಮಾತು ತಿಳಿಯುತ್ತಿರಲಿಲ್ಲ, ಹಾಡು ತಿಳಿಯುತ್ತಿತ್ತು. ಒಬ್ಬ ಹುಡುಗಿ ಊಟದ ಡಬ್ಬಿ ಕುಟ್ಟುತ್ತ ಹಾಡಿದರೆ ಇವಳ ಹೆಬ್ಬೆರಳು ತಾನಾಗಿ ತಾಳ ಹಾಕುತ್ತಿತ್ತು. ಇಡೀ ದಿನದಲ್ಲಿ ಅವಳೊಳಗೆ ಏನಾದರೂ ಮಿಸುಕುತ್ತಿದ್ದುದು ಆ ಒಂದು ತಾಸು ಮಾತ್ರ.

ಇವತ್ತು ಹಾಡಿನ ನಡುವೆಯೇ ಚಿತ್ರ ಹೋಯಿತು. ಫೋನ್ ಮಾಡಿದರೆ, ಬಂದವನು ಇವನು!

ಯಮನೂರ ಟಿವಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ವೈರು ಸುಲಿಯತೊಡಗಿದ.

"ಬಂದರದ ಕೆಲಸಾ ಬಿಟ್ಟಿಯೇನು?" ಇಸ್ತ್ರಿಗೆ ಮರಳುತ್ತ ಕೇಳಿದಳು ಮಂಗಲಾ.

"ಬಿಟ್ಟೆ. ಮನಸ್ಸು ನಿಲ್ಲಲಿಲ್ಲ." ತಲೆ ಎತ್ತದೆ ಕೇಳಿದ, "ನಿನ್ನ ಲಗ್ನ ಆತೇನು?"

"ಐತವಾರ ನಿಶ್ಚಯ ಐತಿ. ಸಾವರ್ಡೆದವರು ಬರ್ತಾರ."

"ಖುಷಿಲೇ ಹೂಂ ಅಂದಿ?"

"ಅವ್ವ ಕೇಳಿದ್ಲು, ಹೂಂ ಅಂದೆ. ಬ್ಯಾಡ ಅನ್ನಾಕ ಏನಿತ್ತು? ನೀನ ಚಲೋ ಅಂದಿದ್ದಿಯಲ್ಲ!"

ಇಕ್ಕಳ ನಿಂತಿತು. "ನಾನು? ಚಲೋ ಅಂದೆ?"

ನಾಲ್ಕು ತಿಂಗಳ ಹಿಂದೆ ಅವಳು ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಮೆಸೇಜು ಕಳಿಸಿದ್ದಳು: ಸಾವರ್ಡೆದಿಂದ ನನಗ ವರಾ ಬಂದಾನ. ಮರುಕ್ಷಣವೇ ಉತ್ತರ. ಇಂಗ್ಲಿಷಿನ ಐದೇ ಅಕ್ಷರ. ಚಲೋ.

ಚಲೋ ಆತಂತ! ಒಳ್ಳೇದಾತು, ಪೀಡಾ ಹೋತು ಅಂದಂಗ...

ಅವತ್ತೇ ಸಿಮ್ ತೆಗೆದು ತಾನಿರುವ ಚಿಂಬಲ್ಲಿನ ಗಟಾರಕ್ಕೆ ಎಸೆದಿದ್ದಳು. ಅತ್ತಿರಲಿಲ್ಲ. ಇಂದಿನವರೆಗೂ ಅತ್ತಿರಲಿಲ್ಲ.

"ಅಯ್ಯ ಹುಚ್ಚಿ!" ಯಮನೂರ ಎದ್ದೇ ನಿಂತ. "ಅದು ಹಿಂದಿ ಚಲೋ! ನಡಿ, ಹೋಗೂಣು ಅಂತ! ಬಂದರದಾಗ ಗ್ಯಾಂಗಿನವರ ಜೋಡಿ ದಿನಾ ಹಿಂದಿ ಮಾತಾಡಿ ಕೈ ಹಂಗ ಬರೀತು. ನಾವು ಕೂಡೂ ಜಾಗಾದಾಗ, ಚಿಂಬಲ್ ಕ್ರಾಸಿನ್ಯಾಗ, ಮರುದಿನ ಮುಂಜಾನಿಂದ ಸಂಜೀತನ ನಿಂತೆ. ಕೈಯಾಗ ಊರಿನ ಬಸ್ಸಿನ ಎರಡು ಟಿಕೀಟು. ನೀ ಬರಲಿಲ್ಲ, ಫೋನೂ ಬಂದ್. ನಿನಗ ಅಂವನ ಬೇಕಾಗ್ಯಾನ ಅಂತ ತಿಳಕೊಂಡೆ..."

"ಹಿಂದಿ ಚಲೋ..." ಎಂದಳು ಮಂಗಲಾ.

ಸುಟ್ಟ ವಾಸನೆ! ಯಜಮಾನರ ಅಂಗಿಯ ಮೇಲೆ ಇಸ್ತ್ರಿ ಹಾಗೇ ಕೂತಿತ್ತು. ಗಡಬಡಿಸಿ ಎತ್ತಿದಳು, ಬೆರಳು ತಗುಲಿತು.

"ಹಾ!"

ಉರಿಯಿತು. ಕಣ್ಣಲ್ಲಿ ನೀರು ಬಂತು. ಬೆರಳಿಗೆ ಸಾಕಾಗುವುದಕ್ಕಿಂತ ಹೆಚ್ಚೇ ಬಂತು.

"ಭಾಳ ಉರೀತೇನು?"

"ಉರೀಲಿ ಬಿಡು."

"ಮಂಗಲಾ... ಸಂಜಿ ಬಸ್ಸಿಗೆ ಬರ್ತಿ?"

"ಓಡಿ ಯಾಕ ಹೋಗಬೇಕು? ಕಳವು ಮಾಡೇವೇನು? ಶನಿವಾರ ನಿಮ್ಮವ್ವನ್ನ ಕರಕೊಂಡು ನಮ್ಮ ಮನಿಗೆ ಬಾ. ಇವತ್ತ ನಾ ಅವ್ವಗ ಹೇಳ್ತೇನಿ, ಸಾವರ್ಡೆದವರಿಗೆ ಬರಬ್ಯಾಡ್ರಿ ಅನ್ನು ಅಂತ."

"ಬೈತಾಳ."

"ಬೈಲಿ. ಬೈದ ಮ್ಯಾಲೆ ಚಾ ಅಂತೂ ಕೊಡ್ತಾಳ."

ವೈರು ಕೂಡಿತು. ಚಿತ್ರ ಬಂತು. ಹೈಸ್ಕೂಲಿನ ಹುಡುಗರು ಅಷ್ಟರಲ್ಲಿ ಬೇರೆಯೇ ಹಾಡು ಹಿಡಿದಿದ್ದರು.

"ಆಯ್ಲೆಂ ಗೊ?" ಬಂತೇನೇ ಎಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ.

"ಆಯ್ಲೆಂ, ಆಯ್."

ಯಮನೂರ ಹೊಸ್ತಿಲಲ್ಲಿ ತಿರುಗಿ ನಿಂತ. "ಚಲೋ?"

"ಯಾವ ಚಲೋ?"

"ಎರಡೂ."

ಬೆರಳನ್ನು ಬಾಯಲ್ಲಿಟ್ಟುಕೊಂಡೇ ಅವಳು ನಕ್ಕಳು.

"ಮೊದಲ ನಮ್ಮ ಚಲೋ. ನಿನ್ನ ಹಿಂದಿ ಚಲೋ, ಲಗ್ನ ಆದ ಮ್ಯಾಲೆ!"