ಮಂಚದ ಪಕ್ಕದ ಮಷಿನ್

ಸೊರಬದ ಆ ಖಾಸಗಿ ನರ್ಸಿಂಗ್ ಹೋಮಿಗೆ ನಾವು ಕಾಲಿಟ್ಟಾಗ ಬೆಳಿಗ್ಗೆ ಒಂಬತ್ತೂವರೆ. ಜಡೆ ಊರಿನ ನಾಗಶ್ರೀ ಎಂಬ ಬಾಣಂತಿ ತೀರಿಕೊಂಡು ಮೂರು ಗಂಟೆಯಾಗಿತ್ತು. ಇಪ್ಪತ್ತನಾಲ್ಕು ವರ್ಷ. ಹಿಂದಿನ ದಿನವಷ್ಟೇ ಹೆತ್ತಿದ್ದಳು. ಕೂಸು ಅಜ್ಜಿಯ ತೊಡೆಯ ಮೇಲೆ ಕಿರುಚುತ್ತಿತ್ತು. ನಾನು ಕಾನ್ಸ್‌ಟೇಬಲ್ ಕೆಂಪಪ್ಪ, ಇಪ್ಪತ್ತೆರಡು ವರ್ಷದ ಸರ್ವೀಸು.

ದೂರು ಕೊಟ್ಟವರು ಮಾಲೀಕ ಡಾಕ್ಟರ್ ಸಂಗಮೇಶ್. ಶಿಕಾರಿಪುರದಲ್ಲೂ ಅವರದೊಂದು ಆಸ್ಪತ್ರೆ ಇದೆ. ಆಸ್ಪತ್ರೆಗಳ ನಿಯಮಗಳನ್ನು ಪರಿಷ್ಕರಿಸಿ ಸರಳ ಮಾಡುತ್ತೇವೆಂದು ಸರ್ಕಾರ ಸಲಹೆ ಕೇಳಿದಾಗ ಹೋಗಿ ಭಾಷಣ ಮಾಡಿ ಬಂದ ದೊಡ್ಡ ಮನುಷ್ಯ. ಸರಳವೇನೋ ಆಯಿತು. ಮೊದಲು ಅಧಿಕಾರಿಗಳು ಖುದ್ದು ಬಂದು ನೋಡುತ್ತಿದ್ದರು. ಈಗ ಒಂದೇ ಫಾರಂ, ಜೊತೆಗೆ ಸಲಕರಣೆಗಳ ಫೋಟೋ. ಅಷ್ಟಾದರೆ ಪರವಾನಗಿ ನವೀಕರಣ.

“ಬಾಣಂತಿಗೆ ಉಸಿರು ಕಟ್ಟಿದೆ. ನರ್ಸ್ ಆಕ್ಸಿಜನ್ ಕೊಟ್ಟಿಲ್ಲ. ಮಷಿನ್ ಮಂಚದ ಪಕ್ಕಾನೇ ಇದೆ, ನೋಡಿ,” ಎಂದರು ಡಾಕ್ಟರು.

ಸಬ್ ಇನ್ಸ್‌ಪೆಕ್ಟರ್ ಹುಲಿಗೆಮ್ಮ ಮೇಡಂ ನರ್ಸಿನತ್ತ ತಿರುಗಿದರು. ಹೆಸರು ಮೈತ್ರಿ. ಗೋಡೆಗೊರಗಿ ನಿಂತಿದ್ದಳು.

“ಯಾಕಮ್ಮ ಕೊಡಲಿಲ್ಲ?”

“ಮಷಿನ್ ಇರ್ಲಿಲ್ಲ ಮೇಡಂ. ಸಿಲಿಂಡರೂ ಖಾಲಿ. ಸರ್ಕಾರಿ ಆಸ್ಪತ್ರೆಗೆ ಕಳಿಸ್ಲಾ ಅಂತ ಐದು ಗಂಟೆಗೇ ಆಸ್ಪತ್ರೆ ಫೋನಲ್ಲಿ ಸರ್‌ನ ಕೇಳ್ದೆ. ಬೇಡ, ಶಿಕಾರಿಪುರದಿಂದ ಮಷಿನ್ ಬರ್ತಿದೆ ಅಂದ್ರು. ಬಂದಿದ್ದು ಜೀವ ಹೋದ ಮೇಲೆ.”

“ಸುಳ್ಳು!” ಎಂದರು ಡಾಕ್ಟರು. “ಮೂರು ತಿಂಗಳಿಂದ ಅದು ಇಲ್ಲೇ ಇದೆ. ಫಾರಂ ಜೊತೆ ಫೋಟೋನೂ ಹಾಕಿದೀನಿ.”

ಮನೆಯವರನ್ನು ಕೇಳಿದೆವು. ಜೀವ ಹೋದ ಕೂಡಲೇ ಡಾಕ್ಟರು ಬಂದು ಅವರನ್ನು ಹೊರಗೆ ಕಳಿಸಿ ವಾರ್ಡಿನ ಬಾಗಿಲು ಹಾಕಿದ್ದರಂತೆ. “ಮಷಿನ್ನು ಗಿಷಿನ್ನು ನಮಗೇನ್ ಗೊತ್ತಪ್ಪ,” ಎಂದು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮೈತ್ರಿಯ ಮೊಬೈಲ್ ನೋಡಿದೆವು. ಐದರಿಂದ ಆರೂಕಾಲಿನವರೆಗೆ ಒಂದೇ ನಂಬರಿಗೆ ಹನ್ನೊಂದು ಕಾಲ್. ಶಿಕಾರಿಪುರದ ಆಸ್ಪತ್ರೆಯ ಡ್ರೈವರ್ ಯತೀಶನ ನಂಬರು. ಡಾಕ್ಟರು ದನಿ ತಗ್ಗಿಸಿದರು. “ಅವರಿಬ್ಬರ ಮಧ್ಯೆ ಏನೋ ನಡೀತಿದೆ. ರೋಗಿ ಸಾಯ್ತಿದ್ರೂ ಇವಳಿಗೆ ಫೋನೇ ಮುಖ್ಯ.”

ನಾನು ನಂಬಿಬಿಟ್ಟೆ. ಬಾಣಂತಿಯ ಪ್ರಾಣದ ಜೊತೆ ಚೆಲ್ಲಾಟವೇ ಎಂದು ಮೈಯೆಲ್ಲ ಉರಿದುಹೋಯಿತು.

ಮೇಡಂ ಮಷಿನ್ನನ್ನು ಗೋಡೆಯಿಂದ ಎಳೆದು ಹಿಂಬದಿಗೆ ಬಗ್ಗಿದರು. ಅಲ್ಲಿ ಮೂರು ಬೆರಳಿನ ವಿಭೂತಿ. ವೈರಿನ ಸಂದಿಯಲ್ಲಿ ಒಂದು ನಂದಿಬಟ್ಟಲು ಹೂ, ಇನ್ನೂ ಬಾಡಿರಲಿಲ್ಲ. ಮೇಡಂ ವಾರ್ಡಿನ ಫ್ರಿಜ್ಜು, ಬಿಪಿ ಮಷಿನ್ನು, ಎಲ್ಲದರ ಹಿಂದೆಯೂ ಇಣುಕಿದರು. ಬರೀ ಧೂಳು.

“ಇಲ್ಲಿ ಪೂಜೆ ಯಾರು ಮಾಡೋದು?”

“ಯಾರೂ ಮಾಡಲ್ಲ ಮೇಡಂ,” ಎಂದಳು ಮೈತ್ರಿ.

ಮೇಡಂ ಹೂವಿನ ಫೋಟೋ ತೆಗೆದುಕೊಂಡರು. ಮಷಿನ್ ಕಾಯಲು ಒಬ್ಬ ಪೇದೆಯನ್ನು ನಿಲ್ಲಿಸಿದರು. “ಕೆಂಪಪ್ಪನವ್ರೇ, ಜೀಪ್ ತೆಗೀರಿ. ಶಿಕಾರಿಪುರಕ್ಕೆ.”

*

ಶಿರಾಳಕೊಪ್ಪ ದಾಟಿ ಶಿಕಾರಿಪುರ ಮುಟ್ಟಲು ಒಂದು ಗಂಟೆ ಹಿಡಿಯಿತು. ಅಲ್ಲಿನ ಆಸ್ಪತ್ರೆಯ ಪ್ರತಿ ಯಂತ್ರದ ಹಿಂದೆಯೂ ಮೂರು ಬೆರಳಿನ ವಿಭೂತಿ, ಒಂದು ನಂದಿಬಟ್ಟಲು. ಆಯಾ ವೀರಮ್ಮ ನೆಲ ಒರೆಸುತ್ತಿದ್ದರು.

“ಇದೆಲ್ಲ ನಿಮ್ಮ ಪೂಜೇನಾ ಅಜ್ಜಿ?”

“ಹೌದ್ರೀ ಅವ್ವಾ. ಜೀವ ಉಳ್ಸೋ ಸಾಮಾನು ಐತಿ. ಮುಂದ್ಗಡೆ ಹಚ್ಚಿದ್ರೆ ಸಾಹೇಬ್ರು ಬೈತಾರೆ, ಅದಕ್ಕೇ ಹಿಂದೆ ಹಚ್ತೀನಿ.”

“ಇವತ್ತು ಎಷ್ಟು ಹೊತ್ತಿಗೆ ಮಾಡಿದ್ರಿ?”

“ದಿನಾ ಏಳಕ್ಕೇ ರೀ. ಆಕ್ಸಿಜನ್ ಮಷಿನ್ನಿಗೆ ಮೊದಲು. ಹೂ ಏರಿಸ್ತಿದ್ದಂಗೆ ಯತೀಶ ಓಡಿ ಬಂದು ಅದನ್ನ ಎತ್ಕೊಂಡು ಹೋದ.”

ಪಾಪ, ಆಕೆಗೆ ತಾನೇನು ಹೇಳಿದೆನೆಂದೇ ಗೊತ್ತಿರಲಿಲ್ಲ.

ಸೊರಬದಿಂದ ಮರಳಿದ್ದ ಯತೀಶ ಆಂಬುಲೆನ್ಸ್ ತೊಳೆಯುತ್ತಿದ್ದ. ಮೊದಲು ತೊದಲಿದ. ಮೇಡಂ ಮೊಬೈಲಿನಲ್ಲಿದ್ದ ಹೂವಿನ ಫೋಟೋ ತೋರಿಸಿದ್ದೇ ತಡ, ಕೈಲಿದ್ದ ಬಟ್ಟೆ ಬಿಸಾಕಿ ಬಾಯಿ ಬಿಟ್ಟ.

“ಮೈತ್ರಿ ಐದಕ್ಕೇ ಫೋನ್ ಮಾಡಿದ್ಳು ರೀ. ಸಾಹೇಬ್ರನ್ನ ಕೇಳ್ದೆ. ಹತ್ತಕ್ಕೆ ಇಲ್ಲಿ ಫಾರಂಗೆ ಫೋಟೋ ತೆಗೀಬೇಕು, ಮಷಿನ್ ಕದಲಿಸಬೇಡ ಅಂದ್ರು. ಆಗಲೇ ಹೊರಟಿದ್ರೆ ಆರಕ್ಕೆ ಮುಟ್ತಿದ್ದೆ. ಬಾಣಂತಿ ಸತ್ಲು ಅಂತ ಗೊತ್ತಾದ ಮೇಲೆ ಅವರೇ ಅಂದ್ರು, ಓಡಿಸ್ಕೊಂಡು ಹೋಗಿ ಮಂಚದ ಪಕ್ಕ ಇಟ್ಟು ಬಾ ಅಂತ.”

*

ಮಧ್ಯಾಹ್ನ ಮತ್ತೆ ಸೊರಬ. ಮೇಡಂ ಡಾಕ್ಟರ ಎದುರು ಕುರ್ಚಿ ಎಳೆದುಕೊಂಡು ಕೂತರು.

“ನಾಗಶ್ರೀ ತೀರಿಕೊಂಡಿದ್ದು ಆರೂವರೆಗೆ. ಈ ಮಷಿನ್ನಿಗೆ ಹೂ ಏರಿಸಿದ್ದು ಏಳಕ್ಕೆ, ಶಿಕಾರಿಪುರದಲ್ಲಿ. ಹಾಗಾದ್ರೆ ಆಕೆ ಉಸಿರಿಗೆ ಒದ್ದಾಡುವಾಗ ಇದು ಇಲ್ಲಿರೋಕೆ ಸಾಧ್ಯವೇ ಇಲ್ಲ. ನಿಮ್ಮ ಎರಡು ಆಸ್ಪತ್ರೆಗೆ ಇರೋದು ಇದೊಂದೇ ಮಷಿನ್. ಮೂರು ತಿಂಗಳ ಹಿಂದೆ ಇಲ್ಲಿ ಫೋಟೋ ಆಯ್ತು, ಇವತ್ತು ಅಲ್ಲಿ ಆಗಬೇಕಿತ್ತು. ಮಷಿನ್ ಬರ್ತಿದೆ ಅಂತ ಸುಳ್ಳು ಹೇಳಿ ಆಕೆಯನ್ನ ಇಲ್ಲೇ ಉಳಿಸಿಕೊಂಡ್ರಿ. ಆಮೇಲೆ ತಪ್ಪನ್ನ ನರ್ಸ್ ತಲೆಗೆ ಕಟ್ಟಿದ್ರಿ.”

ಡಾಕ್ಟರ ಮುಖ ಬಿಳಿಚಿಕೊಂಡಿತು. ಆದರೂ ಪಟ್ಟು ಬಿಡಲಿಲ್ಲ. “ನಿಯಮ ಕೇಳಿದ್ದು ಫೋಟೋ. ಕೊಟ್ಟಿದೀನಿ. ಅದರಲ್ಲೇನು ತಪ್ಪು?”

“ಮಷಿನ್ ರೋಗಿ ಇರೋ ಕಡೆ ಇರಬೇಕು ಅಂತಾನೂ ನಿಮಗೆ ಬರೆದು ಕೊಡಬೇಕಾ? ಏಳಿ, ಸ್ಟೇಷನ್ನಿಗೆ.”

ಡಾಕ್ಟರನ್ನು ಜೀಪಿಗೆ ಹತ್ತಿಸಿ ಬಂದೆ. ಅಬ್ಬಾ, ಒಂದು ಬಡ ಹುಡುಗಿ ಉಳಿದಳಲ್ಲ ಎಂದು ನನಗೆ ಸಮಾಧಾನ. “ಮನೆಗೆ ಹೋಗಮ್ಮ,” ಎಂದರು ಮೇಡಂ.

ಮೈತ್ರಿ ಕದಲಲಿಲ್ಲ.

“ಮೂರು ತಿಂಗಳ ಹಿಂದಿನ ಫೋಟೋದಲ್ಲಿ ಮಷಿನ್ ಪಕ್ಕ ನಿಂತಿರೋದು ನಾನೇ ಮೇಡಂ. ಅವತ್ತು ಸಾಯಂಕಾಲಾನೇ ಅದನ್ನ ವಾಪಸ್ ತಗೊಂಡು ಹೋದ್ರು. ಎಲ್ಲಾ ಸರಿ ಇದೆ ಅಂತ ಫಾರಂಗೆ ಸಹಿ ಹಾಕಿದ್ದೂ ನಾನೇ. ಕೆಲಸ ಹೋಗತ್ತೆ ಅಂತ ಸುಮ್ನಿದ್ದೆ.”

ಅಜ್ಜಿ ಕೂಸನ್ನು ಎದೆಗವಚಿಕೊಂಡು ಎದ್ದು ಬಂದರು.

“ಅವತ್ತೇ ನೀ ಬಾಯಿ ಬಿಟ್ಟಿದ್ರೆ ನನ್ ಸೊಸೆ ಬದುಕ್ತಿದ್ಲಾ ಮಗಾ?”

“ಮೈತ್ರಿ ಹೇಳಿದ್ದನ್ನೂ ಬರ್ಕೊಳ್ಳಿ ಕೆಂಪಪ್ಪನವ್ರೇ,” ಎಂದರು ಮೇಡಂ.

ಮನಸ್ಸಿಲ್ಲದ ಮನಸ್ಸಿನಿಂದ ಬರೆದುಕೊಂಡೆ.