ಬರಿತಲೆಯ ಸೈನಿಕರು

೧೯೯೩ರಲ್ಲಿ ನಾವು ದಾಂಡೇಲಿಯ ಬಂಗೂರನಗರದಲ್ಲಿದ್ದೆವು. ಬೆಳಗಾವಿ ಕಡೆಯವರಾದ ನಮಗೆ ದೀಪಾವಳಿ ಎಂದರೆ ಅಂಗಳದಲ್ಲಿ ಮಣ್ಣಿನ ಕೋಟೆ, ಅದರ ಮೇಲೆ ಮನೆಯಲ್ಲೇ ಮಾಡಿದ ಸೈನಿಕರು. ಪೆನ್ನಿನ ಮುಚ್ಚಳದ ಮೈ, ನೆನೆಸಿದ ಕಡಲೆಕಾಳಿನ ತಲೆ, ಅಂಗಿಯ ಗುಂಡಿಯೇ ಗುರಾಣಿ, ಟೂತ್‌ಪೇಸ್ಟ್ ಟ್ಯೂಬಿನ ತಗಡೇ ಕತ್ತಿ. ರುಮಾಲು ಸುತ್ತುವುದು ಮಾತ್ರ ಅವ್ವನ ಕೆಲಸ. ಹಳೆ ಸೀರೆಯ ಚಿಂದಿಯ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಹೊಸೆದು, ಎಡಗಡೆ ಸಿಕ್ಕಿಸುತ್ತಿದ್ದಳು.

ಅವ್ವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಹಬ್ಬ ಮಾಡುವಂತಿರಲಿಲ್ಲ. ಆದರೂ ಅಣ್ಣ ಮಹಾಬಳೇಶ್ವರ ಮನಸ್ಸು ತಡೆಯದೆ ಕೋಟೆ ಕಟ್ಟಿದ.

“ರುಮಾಲು ಮಾತ್ರ ಬ್ಯಾಡ,” ಎಂದ. “ಅವರಿಗೂ ಅವ್ವ ಹೋಗ್ಯಾಳ. ಬರೇ ತಲೀಲೆ ನಿಂದರ್ಲಿ.”

ಸೈನಿಕರನ್ನು ನಿಲ್ಲಿಸಿ ಮಧ್ಯಾಹ್ನದ ಊಟಕ್ಕೆ ಕೂತೆವು. ಅಂಗಳದಲ್ಲಿ ಬಳೆಯ ಸದ್ದಾಯಿತು. ಅಣ್ಣನ ಹೆಂಡತಿ, ನಮ್ಮ ವೈನಿ ಇರಬೇಕೆಂದುಕೊಂಡೆ. ಆದರೆ ವೈನಿ ನನ್ನೆದುರಿಗೇ ಕೈಯಲ್ಲಿ ತುತ್ತು ಹಿಡಿದು, ಅಂಗಳದ ಕಡೆ ಕಿವಿಗೊಟ್ಟು ಕೂತಿದ್ದಳು.

ಹೊರಗೆ ಬಂದೆವು. ಸೈನಿಕರೆಲ್ಲ ರುಮಾಲು ಸುತ್ತಿಕೊಂಡು ನಿಂತಿದ್ದರು. ಉಗುರಿನಷ್ಟು ಹಸಿರು ರುಮಾಲುಗಳು, ಎಲ್ಲವೂ ಎಡಗಡೆ ಸಿಕ್ಕಿಸಿದಂಥವು. ಅಷ್ಟು ಬಿಸಿಲಿದ್ದರೂ ಕೋಟೆಯ ಮಣ್ಣು ತಣ್ಣಗೆ ಕೊರೆಯುತ್ತಿತ್ತು. ಅಣ್ಣ ತನಗರಿವಿಲ್ಲದೆ ಕೈಮುಗಿದ.

ವೈನಿ ಬಗ್ಗಿ ನೋಡಿದಳು. “ಅತ್ತಿಯವರಿಗೆ ಕಡೀಗೆ ನಾನ ಉಡಿಸಿದ ಸೀರಿರೀ ಇದು. ಅವರ ಜೋಡಿ ಸುಟ್ಟು ಹೋತಲ್ರೀ!”

ನಾನು ಒಂದು ರುಮಾಲನ್ನು ಮೆಲ್ಲಗೆ ಮುಟ್ಟಿದೆ. ಅದರ ತುದಿ ಇನ್ನೂ ಒದ್ದೆಯಾಗಿತ್ತು.